ಆಲಸನತ್ತಂ ತಿರುವಿನ ಎರಡನೇ ಮನೆ

ಹೊಸೂರಿಗೆ ಬರುವವರಲ್ಲಿ ಒಬ್ಬೊಬ್ಬರ ಕಣ್ಣು ಒಂದೊಂದರ ಮೇಲೆ. ಭಕ್ತರು ಬೆಟ್ಟದ ಮೇಲಿನ ದೇವಸ್ಥಾನ ನೋಡುತ್ತಾರೆ. ಕೆಲಸ ಹುಡುಕುವವರು ಫ್ಯಾಕ್ಟರಿ ಗೇಟು ನೋಡುತ್ತಾರೆ. ಸೈಟು ಮಾರುವವರು ಯಾರದೋ ರಾಗಿ ಹೊಲ ನೋಡಿ ಅದರಲ್ಲಿ ರಸ್ತೆ, ಚರಂಡಿ, ಪಾರ್ಕು ಎಲ್ಲ ಕಾಣುತ್ತಾರೆ. ನಾನು ಕಕ್ಕಸು ನೋಡುತ್ತೇನೆ. ಬಸ್ ಸ್ಟ್ಯಾಂಡಿನದನ್ನು ಯಾವ ಹೊತ್ತಿಗೆ ತೊಳೆಯುತ್ತಾರೆ, ಯಾವ ಪೆಟ್ರೋಲ್ ಬಂಕಿನವನು ವರ್ಷವಿಡೀ 'ರಿಪೇರಿ' ಎಂದು ಬೋರ್ಡು ತೂಗುಹಾಕಿರುತ್ತಾನೆ, ಯಾವ ಹೋಟೆಲಿನಲ್ಲಿ ಕಾಫಿ ಕುಡಿದರೆ ಮಾತ್ರ ಹಿತ್ತಲಿಗೆ ಬಿಡುತ್ತಾರೆ, ಎಲ್ಲವೂ ನನಗೆ ಬಾಯಿಪಾಠ. ಕಾಫಿ ಕುಡಿದರೆ ನನಗೆ ಇನ್ನೂ ಜೋರಾಗುತ್ತದೆ ಎಂದು ಆ ಹೋಟೆಲಿನವನಿಗೆ ಹೇಳಿದೆ. 'ಹಂಗಾದ್ರೆ ಟೀ ಕುಡಿ' ಎಂದ.

ನನ್ನ ದೊಡ್ಡ ಕರುಳಿನ ಒಳಮೈ ತುಂಬ ಹುಣ್ಣು. ಮದುವೆಯಾದ ಮೇಲೆ ಹತ್ತನೇ ತರಗತಿ ಪರೀಕ್ಷೆ ಬರೆದು ಪಾಸಾದವನು ನಾನು. ವಿಜ್ಞಾನದ ಪತ್ರಿಕೆಯಲ್ಲಿ ಜೀರ್ಣಾಂಗದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ಕೇಳಿದ್ದರು. ದೊಡ್ಡ ಕರುಳನ್ನು ಎಷ್ಟು ಚೆನ್ನಾಗಿ ಬರೆದಿದ್ದೆ ಎಂದರೆ, ಪಕ್ಕದ ಬೆಂಚಿನ ಹುಡುಗಿ ಅದನ್ನೇ ನೋಡಿ ಬರೆದುಕೊಂಡಳು. ಅಷ್ಟು ಮರ್ಯಾದೆ ಕೊಟ್ಟಿದ್ದ ಅಂಗವೇ ಮುಂದೆ ನನ್ನನ್ನು ಹೀಗೆ ನೋಡಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನೋವು ಬರುವುದು ಹೊಕ್ಕಳ ಕೆಳಗೆ, ಎಡಗಡೆ. ಒದ್ದೆ ಕಂಬಳಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದ ಹಾಗೆ ಇರುತ್ತದೆ. ಹಿಂಡುವವರಿಗೆ ಸುಸ್ತಾಗುವುದಿಲ್ಲ. ಆಮೇಲೆ ಓಡಬೇಕು. ಓಡಿದರೆ ಬರುವುದು ಚಮಚದಷ್ಟು, ಅದರಲ್ಲಿ ರಕ್ತ. ಎದ್ದು ಬಂದು ಪ್ಯಾಂಟು ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಕರೆಯುತ್ತದೆ. ಬೆಳಿಗ್ಗೆ ಹೊತ್ತು ಅದರ ಆಟ ಹೆಚ್ಚು.

ಕೃಷ್ಣಗಿರಿಯ ಡಾಕ್ಟರು ಹಿಂದಿನಿಂದ ಕ್ಯಾಮೆರಾ ಬಿಟ್ಟು ನೋಡಿ, ಇದು ವಾಸಿಯಾಗುವ ಕಾಯಿಲೆಯಲ್ಲ, ಸುಮ್ಮನಿರಿಸಬಹುದು ಅಷ್ಟೇ ಎಂದರು. ಮಾತ್ರೆ ಬದುಕಿರುವವರೆಗೂ ನುಂಗಬೇಕು. ಆಮೇಲೆ ತಮಿಳಿನಲ್ಲಿ ಪಥ್ಯ ಹೇಳಿದರು: "ರಾಗಿ ವೇಂಡಾಂ. ಕೀರೈ ವೇಂಡಾಂ. ಕೊಳ್ಳು ವೇಂಡವೇ ವೇಂಡಾಂ." ರಾಗಿ ಬೇಡ, ಸೊಪ್ಪು ಬೇಡ, ಹುರುಳಿ ಬೇಡವೇ ಬೇಡ. ಕೆಲಮಂಗಲದ ಕಡೆಯ ಒಕ್ಕಲು ಮನೆಯವನಿಗೆ ಇವು ಮೂರನ್ನೂ ಬಿಡು ಅಂದರೆ ಇನ್ನು ಉಳಿಯುವುದು ನೀರು ಮತ್ತು ಗಾಳಿ. ನೀರನ್ನೂ ಕಾಯಿಸಿ ಕುಡಿ ಎಂದರು.

ಊರಿನಲ್ಲಿ ನನ್ನ ಕಾಯಿಲೆ ಯಾರಿಗೂ ಅರ್ಥವಾಗಲಿಲ್ಲ, ಮುದ್ದೆ ಬಿಟ್ಟಿದ್ದು ಎಲ್ಲರಿಗೂ ಅರ್ಥವಾಯಿತು. ಪಕ್ಕದ ಮನೆಯ ಮುದುಕಪ್ಪ ಜಗಲಿಯಿಂದಲೇ ಕೇಳಿದ.

"ಏನ್ಲಾ, ಮುದ್ದೆ ಬುಟ್ಬುಟ್ಟಂತೆ? ಕಂಪ್ನಿ ಸೇರಿದ್ ಮ್ಯಾಕೆ ಬಾಯಿ ಟೌನ್ದಾಗೋಯ್ತಾ?"

"ಇಲ್ಲ ತಾತ, ಕರುಳಲ್ಲಿ ಹುಣ್ಣು."

"ಹುಣ್ಣಿಗೆ ಮುದ್ದೇನೇ ಮದ್ದು ಕಣ್ಲಾ. ತಣ್ಣಗೆ ಹೋಗಿ ಹುಣ್ಣಿನ್ ಮ್ಯಾಲೆ ಕುಂತ್ಕತದೆ."

ನನ್ನ ಕರುಳಿನೊಳಗೆ ಯಾವುದು ಎಲ್ಲಿ ಕುಳಿತುಕೊಳ್ಳುತ್ತದೆ ಎಂಬುದು ಕ್ಯಾಮೆರಾ ಬಿಟ್ಟ ಡಾಕ್ಟರಿಗಿಂತ ಆ ತಾತನಿಗೆ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ, ಹುಣ್ಣಿಗೆ ಕೊಟ್ಟ ಒಂದು ಮಾತ್ರೆಯಿಂದ ನನ್ನ ಮುಖ ಊದಿಕೊಂಡು ಗುಂಡಗಾಯಿತು. ರಕ್ತ ಹೋಗಿ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುತ್ತಿದ್ದಾಗ, ಎದುರು ಬಂದವರೆಲ್ಲ "ಪರವಾಗಿಲ್ಲ, ಈಗ ಒಳ್ಳೆ ಮೈ ಬಂದದೆ" ಎನ್ನುತ್ತಿದ್ದರು. ಚೆನ್ನಾಗಿದ್ದಾಗ ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

ಕಾಯಿಲೆ ಬಂದರೂ ಕೆಲಸ ಬಿಡುವ ಹಾಗಿರಲಿಲ್ಲ. ಊರಿನಿಂದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಬೇಕು. ಡ್ರೈವರ್ ಒಳ್ಳೆಯವನು, ಯಾರು ಏನೇ ಹೇಳಿದರೂ ನಿಲ್ಲಿಸುವುದಿಲ್ಲ. ಆದರೆ ಆಲಸನತ್ತಂ ತಿರುವಿನಲ್ಲಿ ಬಸ್ಸು ನಿಲ್ಲಲೇಬೇಕು. ಬೇರೆ ಕಡೆಯಿಂದ ಒಂದು ವ್ಯಾನು ಬಂದು ಅದರ ಜನ ನಮ್ಮ ಬಸ್ಸಿಗೆ ಹತ್ತುತ್ತಾರೆ. ಆ ವ್ಯಾನು ಯಾವತ್ತೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಬಸ್ಸಿನಲ್ಲಿ ಎಲ್ಲರೂ ಆ ವ್ಯಾನಿನವನನ್ನು ಬೈಯುವಾಗ ನಾನೊಬ್ಬನೇ ಅವನ ಹೆಂಡತಿ ಮಕ್ಕಳು ಚೆನ್ನಾಗಿರಲಿ ಎಂದು ಹರಸುತ್ತಿದ್ದೆ. ಯಾಕೆಂದರೆ ತಿರುವಿನಿಂದ ಎರಡನೇ ಮನೆ ನನ್ನ ಸೋದರಮಾವನ ಮಗಳದು.

ಅವಳು ಯಾರು ಎಂದು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸೋದರಮಾವನಿಗೆ ಮಗಳು ಹುಟ್ಟಿದರೆ ಇವನಿಗೇ ಅವಳು ಎಂದು ತೊಟ್ಟಿಲ ಹತ್ತಿರವೇ ಹೇಳಿಬಿಡುತ್ತಾರೆ. ನಮಗೂ ಹೇಳಿದ್ದರು. ಆಮೇಲೆ ಎರಡು ಹೊಲದ ನಡುವೆ ಇರುವ ಹುಣಸೆ ಮರ ಯಾರದು ಎಂದು ನನ್ನ ತಾಯಿಗೂ ಸೋದರಮಾವನಿಗೂ ಜಗಳ ಬಂತು. ಅಷ್ಟು ಹೊತ್ತಿಗೆ ಸರಿಯಾಗಿ, ಹುಡುಗಿ ನನಗಿಂತ ಕೆಲವು ತಿಂಗಳು ದೊಡ್ಡವಳು ಎಂಬುದು ತಾಯಿಗೆ ನೆನಪಾಯಿತು. ಸಂಬಂಧ ನಿಂತಿತು. ನನ್ನನ್ನೂ ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ, ಹುಣಸೆ ಮರವನ್ನೂ ಕೇಳಲಿಲ್ಲ. ನನಗೆ ಬೇರೆ ಕಡೆ ಹೆಣ್ಣು ತಂದರು. ಮಾವನ ಮಗಳನ್ನು ಹೊಸೂರಿನಲ್ಲಿ ಗುಲಾಬಿ ಹೂವಿನ ವ್ಯಾಪಾರ ಮಾಡುವವನಿಗೆ ಕೊಟ್ಟರು. ಎಲ್ಲರೂ ಚೆನ್ನಾಗಿಯೇ ಇದ್ದೆವು. ಮರ ಮಾತ್ರ ಇನ್ನೂ ಯಾರದೂ ಅಲ್ಲ. ಕಾಯಿ ಬಿದ್ದರೆ ದಾರಿಹೋಕರು ಆರಿಸಿಕೊಳ್ಳುತ್ತಾರೆ.

ಮೊದಲ ಸಲ ಅವಳ ಬಾಗಿಲು ಬಡಿದಾಗ ನನಗೆ ಮಾತಾಡುವ ಸ್ಥಿತಿ ಇರಲಿಲ್ಲ. ಅವಳು ಮುಖ ನೋಡಿ ಪಕ್ಕಕ್ಕೆ ಸರಿದು, "ಹಿಂದ್ಗಡೆ, ಬಲ್ಗಡೆ ಬಾಗ್ಲು" ಎಂದಳು. ಹೊರಗೆ ಬಂದಾಗ ಏನೂ ಕೇಳಲಿಲ್ಲ. ಆ ಏನೂ ಕೇಳದಿರುವುದು ಎಂಥ ದೊಡ್ಡ ಉಪಕಾರ ಎಂದು ಕೇಳಿಸಿಕೊಂಡವರಿಗೆ ಮಾತ್ರ ಗೊತ್ತು. ಮಾರನೇ ದಿನ ಹೋದಾಗ ಬಚ್ಚಲಲ್ಲಿ ನನಗೆಂದೇ ಒಂದು ಟವೆಲ್ ತೂಗುಹಾಕಿದ್ದಳು. ಅದರ ಮಾರನೇ ದಿನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಹೆಸರುಬೇಳೆ ಕಟ್ಟು ಹಾಕಿ ಒಂದು ತಟ್ಟೆ ಇಟ್ಟಿದ್ದಳು. ಖಾರ ಇಲ್ಲ, ಒಗ್ಗರಣೆ ಇಲ್ಲ. ಅವಳ ಗಂಡ ಹೂವಿನ ಮಂಡಿಗೆ ಹೊರಡುತ್ತಾ ನನ್ನನ್ನು ಕಂಡರೆ, "ಬಾ ಅಣ್ಣ, ಒಳ್ಗಡೆ ಖಾಲಿ ಐತೆ" ಎಂದು ಕಕ್ಕಸಿನ ಸಮಾಚಾರ ಕೊಟ್ಟೇ ಹೋಗುತ್ತಿದ್ದ.

ಆ ಮನೆಯಿಂದಾಗಿ ನಾನು ಕೆಲಸ ಉಳಿಸಿಕೊಂಡೆ. ಬೆಳಗಿನ ಮೊದಲ ಓಟ ಅಲ್ಲಿ ಮುಗಿದರೆ, ಹೊಟ್ಟೆಗೆ ಬಿಸಿ ಅನ್ನ ಬಿದ್ದರೆ, ಮಧ್ಯಾಹ್ನದವರೆಗೆ ಮಷೀನಿನ ಮುಂದೆ ಮನುಷ್ಯನ ಹಾಗೆ ನಿಲ್ಲಬಹುದಿತ್ತು. ನನ್ನ ಹೆಂಡತಿಗೆ ಇದೆಲ್ಲ ಗೊತ್ತಿತ್ತು. ಊರಿನ ಹೆಂಗಸರು ಅವಳನ್ನು ಕೆಣಕುತ್ತಿದ್ದರು, ತೊಟ್ಟಿಲ ಸಂಬಂಧದ ಮನೆಗೆ ದಿನಾ ಗಂಡನ್ನ ಕಳಿಸ್ತೀಯಲ್ಲ ಎಂದು. ಅವಳು, "ಆ ಮನೆ ಕಕ್ಕಸ್ ಇಲ್ದಿದ್ರೆ ಪ್ಯಾಂಟ್ ಒಗಿಯೋಳು ನಾನು. ನೀವ್ ಒಗ್ದು ಕೊಡ್ತೀರಾ?" ಎಂದು ಕೇಳಿದಳಂತೆ. ಒಬ್ಬರೂ ಮುಂದೆ ಬರಲಿಲ್ಲ.

ಬೇರೆ ಕಡೆ ಸಹಾಯ ಹುಡುಕಲಿಲ್ಲ ಎಂದಲ್ಲ. ನನ್ನಂಥ ಕಾಯಿಲೆಯವರೆಲ್ಲ ಸೇರಿ ಕಷ್ಟ ಸುಖ ಹೇಳಿಕೊಳ್ಳುವ ಕೂಟ ಇದೆ ಎಂದು ಯಾರೋ ಹೇಳಿ, ಒಂದು ಭಾನುವಾರ ಕೃಷ್ಣಗಿರಿಗೆ ಹೋದೆ. ಮದುವೆ ಹಾಲಿನ ಮಹಡಿಯ ಮೇಲೆ ಕೂಟ. ಬಂದವರೆಲ್ಲ ಬಾಗಿಲಿನ ಹತ್ತಿರದ ಕುರ್ಚಿಗೇ ಜಗಳ ಆಡುತ್ತಿದ್ದುದನ್ನು ನೋಡಿ, ನನ್ನವರು ಸಿಕ್ಕರು ಎಂದು ಕಣ್ಣಲ್ಲಿ ನೀರು ಬಂತು. ಒಬ್ಬರು ಮೈಕು ಹಿಡಿದು, ಧೈರ್ಯವಾಗಿರಬೇಕು, ಗಾಬರಿಯಾದರೆ ಕರುಳಿಗೆ ಕೆಟ್ಟದ್ದು ಎಂದು ತಮಿಳಿನಲ್ಲಿ ಬಹಳ ಚೆನ್ನಾಗಿ ಮಾತಾಡಿದರು. ಅರ್ಧದಲ್ಲಿ ಹಿಂದಿನ ಸಾಲಿನವನೊಬ್ಬ ಎದ್ದು ಹೋಗಿ ವಾಪಸ್ ಬಂದು, ಕಕ್ಕಸಿಗೆ ಬೀಗ ಹಾಕಿದೆ, ಕೀಲಿ ವಾಚ್‌ಮನ್ ಹತ್ತಿರ ಇದೆ, ವಾಚ್‌ಮನ್ ಟೀ ಕುಡಿಯಲು ಹೋಗಿದ್ದಾನೆ ಎಂದ. ಆಮೇಲೆ ಧೈರ್ಯದ ಭಾಷಣವನ್ನು ಯಾರೂ ಕೇಳಲಿಲ್ಲ. ಇಡೀ ಕೂಟ ಮೆಟ್ಟಿಲಿಳಿದು ಓಡಿತು. ಭಾಷಣ ಮಾಡುತ್ತಿದ್ದವರೇ ಮುಂದೆ ಇದ್ದರು. ಅವರ ವಾಟ್ಸಾಪ್ ಗುಂಪಿನಲ್ಲಿ ನಾನಿನ್ನೂ ಇದ್ದೇನೆ. ದಿನಾ ಬೆಳಿಗ್ಗೆ ಶುಭೋದಯದ ಚಿತ್ರ ಬರುತ್ತದೆ, ಅದರಲ್ಲಿ ಹಬೆಯಾಡುವ ಕಾಫಿ, ಮಸಾಲೆ ವಡೆ.

ಇಷ್ಟರಲ್ಲಿ ನನ್ನ ತಾಯಿಗೆ ತಾಳ್ಮೆ ಮುಗಿಯಿತು. ವರ್ಷಗಟ್ಟಲೆ ಮಾತ್ರೆ ತಿಂದರೂ ವಾಸಿಯಾಗದ ಕಾಯಿಲೆ ಕಾಯಿಲೆಯೇ ಅಲ್ಲ ಎನ್ನುವುದು ಅವಳ ಲೆಕ್ಕ. ಹಾಗಾದರೆ ಅದು ಮದ್ದು. ನಮ್ಮ ಕಡೆ ಹೊಟ್ಟೆ ಕೆಟ್ಟು ವಾಸಿಯಾಗದಿದ್ದರೆ, ಯಾರೋ ಊಟದಲ್ಲಿ ಮದ್ದು ಇಕ್ಕಿದ್ದಾರೆ, ಅದು ಒಳಗೆ ಅಂಟಿಕೊಂಡಿದೆ ಎನ್ನುತ್ತಾರೆ. ಅದನ್ನು ಕಕ್ಕಿಸಿ ತೆಗೆಯುವವರಿದ್ದಾರೆ. ಜವಳಗಿರಿ ಕಡೆ ಒಬ್ಬ ಹೆಂಗಸು ಇದರಲ್ಲಿ ದೊಡ್ಡ ಕೈ ಎಂದು ತಾಯಿ ವಿಚಾರಿಸಿಕೊಂಡು ಬಂದಳು. ನಾನು ಬೇಡ ಎಂದೆ. ನಾನು ಸತ್ತ ಮೇಲೆ ಹೋಗ್ತೀಯಾ ಎಂದಳು. ಹೊರಟೆವು.

ಕಾಡಿನ ಅಂಚಿನ ಮನೆ. ಸಂಜೆ ಆನೆ ಬರುತ್ತದೆ ಎಂದು ಆಕೆ ಬೆಳಿಗ್ಗೆ ಮಾತ್ರ ಜನರನ್ನು ನೋಡುತ್ತಿದ್ದಳು. ನನ್ನ ಅಂಗೈ ಹಿಡಿದು ಎಂಥದೋ ಸೊಪ್ಪು ಉಜ್ಜಿ ರಸ ಹಿಂಡಿ, ಮುಚ್ಚಿಕೊಂಡು ಕೂರು ಎಂದಳು. ಸ್ವಲ್ಪ ಹೊತ್ತಾದ ಮೇಲೆ ತೆರೆಸಿದಳು. ಹಸಿರು ರಸ ಮೊಸರಿನ ಹಾಗೆ ಹೆಪ್ಪುಗಟ್ಟಿತ್ತು.

"ನೋಡ್ದಾ ಅಕ್ಕ? ಮದ್ದಿದ್ರೇ ಹಿಂಗೆ ಗಟ್ಟಿಯಾಗೋದು," ಎಂದು ನನ್ನ ತಾಯಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಹೊರ್ಗಡೆ ಯಾರ್ ಕೈಲಿ ಉಂಡಿದ್ದೀಯಪ್ಪ?"

"ಕಂಪನಿ ಕ್ಯಾಂಟೀನಲ್ಲಿ."

"ಕ್ಯಾಂಟೀನು ಸೇರಲ್ಲ. ಊರ್ಗೆಲ್ಲ ಬೇಯ್ಸೋನು ನಿಂಗೊಬ್ನಿಗೆ ಯಾಕೆ ಇಕ್ತಾನೆ? ಪಿರೂತಿಯಿಂದ ಯಾರು ಇಕ್ಕಿದ್ರು, ಅದ್ ಹೇಳು. ಮದ್ದು ಇಕ್ಕೋರು ಪಿರೂತಿಯಿಂದ್ಲೇ ಇಕ್ಕೋದು."

ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ತಾಯಿಯ ಮುಖದಲ್ಲಿ ಹುಣಸೆ ಮರ ಕಾಣಿಸಿತು.

"ಆಲಸನತ್ತಂನೋಳು," ಎಂದಳು. "ಮದ್ವೆ ಆಗ್ಲಿಲ್ಲ ಅನ್ನೋ ಹೊಟ್ಟೆಕಿಚ್ಚು. ನಂಗೆ ಹೊಳೀಲೇ ಇಲ್ವಲ್ಲ!"

ಕಾಯಿಲೆ ಬಂದಿದ್ದು ಮೊದಲು, ಅವಳ ಮನೆಗೆ ಹೋಗಿದ್ದು ಆಮೇಲೆ ಎಂದು ನಾನು ಹೇಳಿದೆ. ಮದ್ದಿಗೆ ಹಿಂದು ಮುಂದು ಇಲ್ಲ ಎಂದು ಆ ಹೆಂಗಸು ಹೇಳಿದಳು. ಆಮೇಲೆ ಒಂದು ಲೋಟ ಕಹಿ ಕುಡಿಸಿದಳು. ನಾನು ಅವಳ ಅಂಗಳದಲ್ಲಿ ಕೂತು, ಇದ್ದದ್ದು ಇಲ್ಲದ್ದು ಎಲ್ಲವನ್ನೂ ಕಕ್ಕಿದೆ. ಅದರೊಳಗೆ ಕಡ್ಡಿಯಾಡಿಸಿ ಬೆಳ್ಳಗಿನ ಚೂರೊಂದನ್ನು ಎತ್ತಿ ತೋರಿಸಿದಳು. ತಾಯಿ ಕೈಮುಗಿದಳು. ಅದು ಬೆಳಿಗ್ಗೆ ಇಡ್ಲಿಯ ಜೊತೆ ತಿಂದ ಕಾಯಿ ಚಟ್ನಿ, ಅದನ್ನು ರುಬ್ಬಿದವಳು ನನ್ನ ತಾಯಿಯೇ.

ಆ ಕಹಿ ನನ್ನ ಕರುಳಿಗೆ ಹೋಗಿ ಏನು ಹೇಳಿತೋ, ವಾರವೆಲ್ಲ ರಕ್ತ ಹೋಯಿತು. ಡಾಕ್ಟರು ಮಾತ್ರೆ ಹೆಚ್ಚಿಸಿ, ಇನ್ನೊಂದು ಸಲ ಹೀಗೆ ಮಾಡಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ ಎಂದು ಗದರಿದರು. ಮದ್ದು ಅಲ್ಲಾಡುತ್ತಿದೆ, ಅದಕ್ಕೇ ರಕ್ತ ಎಂದು ತಾಯಿಗೆ ಸಮಾಧಾನ.

ಹಾಸಿಗೆಯಲ್ಲಿ ಮಲಗಿದ್ದಾಗ ಆ ಸೊಪ್ಪಿನ ವಾಸನೆ ನನಗೆ ಎಲ್ಲೋ ಗುರುತು ಎನಿಸಿತು. ಎದ್ದು ಹೋಗಿ ನೋಡಿದರೆ ನಮ್ಮದೇ ಬೇಲಿಯ ಮೇಲೆ ಹಬ್ಬಿಕೊಂಡಿದೆ. ದಾಗಡಿ ಬಳ್ಳಿ. ದನ ಕಾಯುವಾಗ ಅದರ ರಸ ಹಿಂಡಿ, ಹೆಪ್ಪುಗಟ್ಟಿಸಿ, ಮೊಸರು ಮಾರುವ ಆಟ ಆಡಿದ್ದೇವೆ. ಅದು ಅಂಗೈಯಲ್ಲೂ ಹೆಪ್ಪುಗಟ್ಟುತ್ತದೆ, ತೆಂಗಿನ ಚಿಪ್ಪಿನಲ್ಲೂ ಹೆಪ್ಪುಗಟ್ಟುತ್ತದೆ. ಚಿಪ್ಪಿಗೆ ಯಾರೂ ಮದ್ದು ಇಕ್ಕಿರುವುದಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಹೊಟ್ಟೆನೋವು ಮರೆತು ಒಂದು ಹಿಡಿ ಕಿತ್ತುಕೊಂಡು ಒಳಗೆ ಬಂದೆ. ಓದಿದವನಲ್ಲವೇ ನಾನು? ಪ್ರಯೋಗ ಮಾಡಿ ತೋರಿಸಿದರೆ ಯಾರಾದರೂ ಒಪ್ಪುತ್ತಾರೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೆ.

"ಕೈ ಕೊಡವ್ವ," ಎಂದು ತಾಯಿಯ ಅಂಗೈಗೆ ರಸ ಹಿಂಡಿದೆ. ಮುಚ್ಚಿಕೊಂಡು ಕೂರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ತೆರೆಸಿದೆ. ಜವಳಗಿರಿಯಲ್ಲಿ ನನ್ನ ಕೈಯಲ್ಲಿ ಆದದ್ದಕ್ಕಿಂತ ಗಟ್ಟಿಯಾಗಿ ಹೆಪ್ಪಾಗಿತ್ತು.

"ನೋಡ್ದಾ ಅವ್ವ? ನಿನ್ ಕೈಲೂ ಆಯ್ತು!"

ತಾಯಿ ತನ್ನ ಅಂಗೈಯನ್ನೇ ನೋಡಿದಳು. ಇನ್ನೇನು ಒಪ್ಪಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಇನ್ನೊಂದು ಕೈಯಿಂದ ಎದೆ ಬಡಿದುಕೊಂಡಳು.

"ಅಯ್ಯಯ್ಯಪ್ಪೋ, ನಂಗೂ ಇಕ್ಬುಟ್ಟವ್ಳಲ್ಲೋ! ಅವ್ಳ ಮನೆ ಒಕ್ಕಲಿನ ದಿನ ಪಾಯ್ಸ ತಂದು ಬಾಯ್ಗಿಟ್ಳಲ್ಲ, ಅವತ್ತೇ ಅಂದ್ಕೊಂಡೆ, ಇವ್ಳು ಯಾಕಿಷ್ಟು ಉಪಚಾರ ಮಾಡ್ತಾವ್ಳೆ ಅಂತ!"

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಗು ತಡೆಯಲಾರದೆ ತಾನೂ ಕೈ ಚಾಚಿದಳು. ಅವಳ ಕೈಯಲ್ಲೂ ಹೆಪ್ಪಾಯಿತು.

"ನಾನು ಆ ಮನೇಲಿ ನೀರೂ ಕುಡಿದಿಲ್ಲ ಅತ್ತೆ," ಎಂದಳು.

"ಗಾಳೀಲೂ ಬುಡ್ತಾರೆ ಕಣಮ್ಮ. ನಿಂಗೇನ್ ಗೊತ್ತು," ಎಂದಳು ತಾಯಿ.

ಹೀಗೆ ನನ್ನ ಪ್ರಯೋಗದಿಂದ, ಒಬ್ಬನಿಗೆ ಮದ್ದು ಇಕ್ಕಿದ್ದ ಹೆಂಗಸು ಇಡೀ ಮನೆಗೆ ಮದ್ದು ಇಕ್ಕಿದವಳಾದಳು. ತೆಂಗಿನ ಚಿಪ್ಪಿನ ಮೇಲೂ ಮಾಡಿ ತೋರಿಸೋಣ ಎಂದುಕೊಂಡೆ. ಆ ಚಿಪ್ಪು ಬಂದ ಮರಕ್ಕೂ ಅವಳೇ ಇಕ್ಕಿದ್ದಾಳೆ ಎನ್ನುತ್ತಾಳೆಂದು ಸುಮ್ಮನಾದೆ.

ತಾಯಿ ಫೋನು ತೆಗೆದು ತನ್ನ ಅಣ್ಣನಿಗೆ ಹಚ್ಚಿದಳು. ಹುಣಸೆ ಮರದ ಜಗಳ ಆದ ಮೇಲೆ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು. ಯಾವ ಪಂಚಾಯಿತಿಯಿಂದಲೂ ಆಗದ ಕೆಲಸವನ್ನು ನನ್ನ ಕರುಳು ಮಾಡಿತು. ನಿನ್ನ ಮಗಳು ಹೀಗೆ ಮಾಡಿದ್ದಾಳೆ ಎಂದು ಇವಳು, ನಿನ್ನ ನಾಲಿಗೆ ಬಿದ್ದುಹೋಗ ಎಂದು ಅವನು. ಹಳೆಯ ಮರವೂ ನಡುವೆ ಬಂದು ಹೋಯಿತು. ಫೋನಿಟ್ಟ ಮೇಲೆ ನನಗೆ ಆಜ್ಞೆಯಾಯಿತು.

"ಅವ್ಳ ಕೈಯೂಟ ಉಂಡ್ರೆ, ಅವತ್ತು ನಾನು ಈ ಮನೇಲಿ ಅನ್ನ ಮುಟ್ಟಲ್ಲ. ನನ್ ಹೆಣ ನೋಡ್ತೀಯ."

ತಾಯಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಬೆವರಿ ಬಿದ್ದುಬಿಡುತ್ತಾಳೆ. ಹಿಂದೆ ಒಂದು ಸಲ ಬಿದ್ದಿದ್ದಳು. ಅದು ನನಗೂ ಗೊತ್ತು, ನನಗೆ ಗೊತ್ತು ಎಂಬುದು ಅವಳಿಗೂ ಗೊತ್ತು.

ಕೆಲಸಕ್ಕೆ ವಾಪಸ್ ಹೋದ ಮೇಲೆ ಬಸ್ಸು ಎಂದಿನಂತೆ ಆಲಸನತ್ತಂ ತಿರುವಿನಲ್ಲಿ ನಿಲ್ಲುತ್ತಿತ್ತು. ನಾನು ಕಿಟಕಿ ಪಕ್ಕ ಕೂತು, ತೊಡೆಗೆ ತೊಡೆ ಒತ್ತಿ, ಎರಡನೇ ಮನೆಯ ಗೇಟನ್ನು ನೋಡುತ್ತಿದ್ದೆ. ಅವಳ ಬಾಗಿಲು ತೆರೆದೇ ಇರುತ್ತಿತ್ತು. ವ್ಯಾನಿನವನು ಆ ದಿನಗಳಲ್ಲಿ ಸರಿಯಾದ ಹೊತ್ತಿಗೆ ಬರುವ ಹಾಗೆ ಆಗಬಾರದೇ? ಅವನು ಇನ್ನೂ ತಡವಾಗಿ ಬರುತ್ತಿದ್ದ. ಹರಸಿದ್ದು ನಾನೇ.

ಫ್ಯಾಕ್ಟರಿಯಲ್ಲಿ ಲೈನ್ ಬಿಟ್ಟು ಹೋಗಬೇಕಾದರೆ ಸೂಪರ್‌ವೈಸರನಿಗೆ ಹೇಳಿ, ನಮ್ಮ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸಬೇಕು. "ಎನ್ನ ಸಾರ್, ತಿರುಂಬವುಮಾ?" ಎನ್ನುತ್ತಿದ್ದ ಅವನು. ಏನು ಸಾರ್, ಮತ್ತೆಯಾ? ಆ ಸಾರ್ ಎನ್ನುವುದು ಮರ್ಯಾದೆಗಲ್ಲ. ನನ್ನ ಜಾಗದಲ್ಲಿ ನಿಲ್ಲುವ ಹುಡುಗರು ಗಡಿಯಾರ ನೋಡಿಕೊಂಡು, ಇನ್ನೂ ಕರೆ ಬಂದಿಲ್ವಾ ಎಂದು ನನ್ನನ್ನೇ ವಿಚಾರಿಸುತ್ತಿದ್ದರು.

ಒಂದು ದಿನ ತಿರುವು ದಾಟಿ, ಫ್ಯಾಕ್ಟರಿಯ ಗೇಟು ಕಾಣುವಷ್ಟರಲ್ಲಿ ಆಗಬಾರದ್ದು ಆಯಿತು. ಬಸ್ಸಿನೊಳಗೇ. ನಾನು ಅಲ್ಲಾಡದೆ ಕೂತೆ. ಪಕ್ಕದವನು ಕಿಟಕಿ ತೆಗೆದ. ಹಿಂದಿನವರು ಅವರವರ ಕಿಟಕಿ ತೆಗೆದರು. ಬಸ್ಸಿನಲ್ಲಿ ಅಷ್ಟು ಒಗ್ಗಟ್ಟು ನಾನು ಯಾವತ್ತೂ ಕಂಡಿರಲಿಲ್ಲ. ಎಲ್ಲರೂ ಇಳಿದ ಮೇಲೆ ಬ್ಯಾಗನ್ನು ಹಿಂದೆ ಹಿಡಿದುಕೊಂಡು ಇಳಿದೆ. ಗೇಟಿನ ಸೆಕ್ಯೂರಿಟಿಗೆ ಹುಷಾರಿಲ್ಲ ಎಂದು ಹೇಳಿ, ಬಸ್ಸು ಹತ್ತುವ ಧೈರ್ಯ ಇಲ್ಲದೆ, ಯಾರೂ ನಡೆಯದ ಬೈಪಾಸಿನ ಬದಿಯಲ್ಲಿ ಬಹಳ ದೂರ ನಡೆದೆ. ಕೊನೆಗೆ ಊರಿನ ಕಡೆಯ ಹಾಲಿನ ಟೆಂಪೋದವನು ಗುರುತು ಹಿಡಿದು, ಹಿಂದೆ ಕ್ಯಾನುಗಳ ನಡುವೆ ನಿಲ್ಲಿಸಿಕೊಂಡು ಬಂದ.

ಹೆಂಡತಿ ಬಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಕಲ್ಲಿಗೆ ಬಟ್ಟೆ ಬಡಿಯುವ ಸದ್ದಿನ ನಡುವೆ ತಾಯಿಗೆ ಕೇಳುವ ಹಾಗೆ ಹೇಳಿದಳು.

"ಅತ್ತೆ, ನೀವು ಉಪವಾಸ ಇದ್ರೆ ಗ್ಲೂಕೋಸ್ ಕುಡಿಸ್ತೀನಿ. ಇವ್ರಿಗೆ ಹಿಂಗಾದ್ರೆ ಏನ್ ಕುಡಿಸ್ಲಿ?"

ತಾಯಿ ಹಿತ್ತಲ ಬಾಗಿಲಿಗೆ ಬಂದು, "ಕಕ್ಕಸ್ಗೆ ಹೋಗ್ಬೇಡ ಅಂತ ನಾನೆಲ್ಲಿ ಅಂದೆ? ಕೈಯೂಟ ಬ್ಯಾಡ ಅಂದೆ," ಎಂದಳು. ಅಷ್ಟು ಇಳಿದಿದ್ದೇ ದೊಡ್ಡದು. ಆದರೆ ನನಗಿದ್ದ ಭಯ ಬೇರೆ. ಮದ್ದು ಇಕ್ಕಿದವಳು ಎಂದು ಅಪ್ಪನ ಬಾಯಲ್ಲಿ ಕೇಳಿಸಿಕೊಂಡ ಹೆಣ್ಣು, ಆ ಮಾತು ಆಡಿದ ಮನೆಯವನಿಗೆ ಬಾಗಿಲು ಯಾಕೆ ತೆಗೆಯಬೇಕು?

ಮಾರನೇ ಬೆಳಿಗ್ಗೆ ಬಸ್ಸು ನಿಲ್ಲುತ್ತಿದ್ದ ಹಾಗೆಯೇ ಇಳಿದೆ. ಒಳಗೆ ಹಿಂಡುವವರು ಕೆಲಸ ಶುರುಮಾಡಿದ್ದರು. ಗೇಟು ತೆರೆದಿತ್ತು. ಬಾಗಿಲು ಅವತ್ತು ಮುಚ್ಚಿತ್ತು. ಬಡಿದೆ. ಹೆಜ್ಜೆ ಸದ್ದು ಬಂತು, ನಿಂತಿತು. ಯಾರು ಎಂದು ಕೇಳಲಿಲ್ಲ. ಆ ಹೊತ್ತಿಗೆ ಬಡಿಯುವವನು ಯಾರು ಎಂದು ಅವಳಿಗೆ ಗೊತ್ತು. ಬಾಗಿಲು ತೆರೆದಾಗ ಅವಳ ಮುಖ ಗಟ್ಟಿಯಾಗಿತ್ತು.

"ಕ್ಷಮಿಸು," ಎಂದೆ. "ನಮ್ಮವ್ವ..."

"ಹೋಗು ಮೊದ್ಲು. ಮಾತು ಆಮ್ಯಾಕೆ. ನಡುಮನೇಲಿ ನಿಂತ್ಕೊಂಡು ಕ್ಷಮೆ ಕೇಳ್ಬೇಡ, ನೆಲ ಈಗ ಒರ್ಸಿವ್ನಿ."

ಹೋಗಿ ಬಂದೆ. ಟವೆಲ್ ಇದ್ದಲ್ಲೇ ಇತ್ತು, ಒಗೆದು ಮಡಿಸಿದ್ದು. ನಡುಮನೆಗೆ ಬಂದಾಗ ಅವಳು ಗೋಡೆಗೆ ಒರಗಿ, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ನಿಮ್ಮನೆ ಎಲ್ಲಾರ್ಗೂ ಇಕ್ಬುಟ್ಟೆನಂತೆ ಮದ್ದು? ನನ್ ಗಂಡ ಅಂತಾನೆ, ನಂಗೆ ಒಂದ್ ಲೋಟ ಕಾಫಿ ಇಕ್ಕಕ್ಕೆ ಪುರ್ಸೊತ್ತಿಲ್ಲ, ಇವ್ಳು ಊರೂರ್ಗೆ ಮದ್ದು ಯಾವಾಗ ಇಕ್ಕಿದ್ಳು ಅಂತ."

ನಾನು ನಿಂತೇ ಇದ್ದೆ.

"ಮದ್ವೆ ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚಂತೆ. ಹಂಗಿದ್ರೆ ನಿಂಗ್ಯಾಕ್ಲಾ ಇಕ್ಲಿ? ಬ್ಯಾಡ ಅಂದೋಳು ನಿಮ್ಮವ್ವ ತಾನೆ? ಅವ್ಳಿಗೆ ಇಕ್ತಿದ್ದೆ, ಅವತ್ತೇ, ಚೆನ್ನಾಗಿ." ಹೇಳಿ ತಾನೇ ಒಂದು ಸಲ ನಕ್ಕಳು, ತಕ್ಷಣ ನಿಲ್ಲಿಸಿದಳು. "ನಮ್ಮಪ್ಪ ಫೋನ್ ಮಾಡಿ ಅತ್ತ ಕಣ್ಲಾ. ನಾನು ಹುಟ್ಟಿದ್ ಮ್ಯಾಕೆ ಅವನು ಅತ್ತಿದ್ದು ನೋಡಿರ್ಲಿಲ್ಲ."

ಅಡುಗೆ ಮನೆಯಿಂದ ಬೆಂದ ಬೇಳೆಯ ವಾಸನೆ ಬರುತ್ತಿತ್ತು. ನಾನು ಬರದ ದಿನಗಳಲ್ಲೂ ಒಗ್ಗರಣೆ ಇಲ್ಲದ ಬೇಳೆ ಬೇಯಿಸುತ್ತಿದ್ದಳಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬರುತ್ತೇನೆ ಎಂದು ಬ್ಯಾಗು ತೆಗೆದುಕೊಂಡೆ.

"ಏನಂದ್ಲು ನಿಮ್ಮವ್ವ? ನನ್ ಕೈಯೂಟ ಉಣ್ಬ್ಯಾಡ ಅಂದ್ಲು, ಅಲ್ವಾ?"

"ಹೂಂ. ಉಂಡ್ರೆ ಅವಳು ಉಪವಾಸ ಮಾಡ್ತಾಳೆ. ಸಕ್ಕರೆ ಐತೆ."

"ಗೊತ್ತು ಸಕ್ಕರೆ ಇರೋದು. ಸರಿ, ನನ್ ಕೈ ಇಲ್ಲೈತೆ." ತೊಡೆಯ ಮೇಲಿನ ಕೈಗಳನ್ನು ಮಗುಚಿ ಮೇಲು ಕೆಳಗು ತೋರಿಸಿದಳು. "ಪಾತ್ರೆ ಅಲ್ಲೈತೆ. ತಟ್ಟೆ ಗೂಡಲ್ಲೈತೆ. ಬೇಕಾದ್ರೆ ನೀನೇ ಇಕ್ಕೊ. ನಾನು ಮುಟ್ಟಲ್ಲ."

ನೆಂಟರ ಮನೆಯಲ್ಲಿ ಗಂಡಸು ತಾನೇ ಬಡಿಸಿಕೊಂಡು ಉಣ್ಣುವುದು ನಮ್ಮಲ್ಲಿ ಇಲ್ಲ. ಹಾಗೆ ಬಿಟ್ಟರೆ ಮನೆಯವರು ಅವಮಾನ ಮಾಡಿದರು ಎಂದು ಲೆಕ್ಕ. ಅವಳ ಅಡುಗೆಮನೆಯೊಳಗೆ ನಾನು ಯಾವತ್ತೂ ಕಾಲಿಟ್ಟಿರಲಿಲ್ಲ. ಹೋದೆ. ಸೌಟು ಹುಡುಕಲು ತಡಕಾಡಿದೆ.

"ಅನ್ನ ಬೇಯ್ಸಿದ್ದು ಯಾರು?" ಎಂದು ಅಲ್ಲಿಂದಲೇ ಕೇಳಿದೆ. ನನ್ನ ತಾಯಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾಳೆ.

"ಕುಕ್ಕರು," ಎಂದಳು.

ತಟ್ಟೆ ಹಿಡಿದು ಬಂದು ಅವಳ ಎದುರು ಕೂತೆ. ಅವಳು ತಟ್ಟೆಯೊಳಗೆ ಬಗ್ಗಿ ನೋಡಿದಳು.

"ಅಷ್ಟೇನಾ? ಕೋಳಿ ಕೆರೆದಂಗೆ ಇಕ್ಕೊಂಡವ್ನೆ. ಬೇಳೆ ಕಟ್ಟು ಎಲ್ಲಿ? ಕಲ್ಸ್ಕೊಳ್ಳಲ್ವಾ?" ಏಳಲು ಹೊರಟವಳು ನೆನಪಾಗಿ ಮತ್ತೆ ಕೂತಳು. ಅವಳ ಕೈಗಳು ತೊಡೆಯ ಮೇಲೆ ನಿಲ್ಲದೆ ಸೆರಗು ಹಿಡಿದವು. "ಇನ್ನೊಂದ್ ಸೌಟು ಹಾಕ್ಕೊಂಡ್ ಬಾ. ಎದ್ದೇಳು."

ಎದ್ದೆ. ಹಾಕಿಕೊಂಡು ಬಂದೆ. ಬಿಸಿ ಅನ್ನ ಒಳಗೆ ಇಳಿಯುತ್ತಿದ್ದಂತೆ ಹಿಂಡುವವರ ಕೈ ಸ್ವಲ್ಪ ಸಡಿಲವಾಯಿತು. ನಾನು ತಲೆ ಎತ್ತದೆ ಉಂಡೆ. ಹೊರಗೆ ಬಸ್ಸು ಹಾರನ್ ಹೊಡೆಯಿತು.

"ತಟ್ಟೆ ತೊಳ್ದಿಟ್ಟು ಹೋಗು," ಎಂದಳು. "ಅದನ್ನೂ ಮುಟ್ಟಲ್ಲ ನಾನು."

ಎರಡನೇ ಹಾರನ್ ಕೇಳಿಸಿದಾಗ ನನ್ನ ಕೈತುಂಬ ಸೋಪಿನ ನೊರೆ ಇತ್ತು. ಒರೆಸಿಕೊಂಡು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಬಾಗಿಲ ತನಕ ಬಂದಳು.

"ನಾಳಿಕ್ಕೆ ಬಸ್ ನಿಂತ ತಕ್ಷಣ ಇಳಿ. ಯೋಚ್ನೆ ಮಾಡ್ಕೊಂಡ್ ಕುಂತಿರ್ಬೇಡ. ಅನ್ನ ಆರೋಯ್ತದೆ."

ಓಡಿ ಹೋಗಿ ಬಸ್ಸು ಹತ್ತಿದೆ. ವ್ಯಾನಿನವರು ಆಗಲೇ ನನ್ನ ಸೀಟಿನಲ್ಲಿ ಕೂತಿದ್ದರು. ಫ್ಯಾಕ್ಟರಿಯವರೆಗೆ ನಿಂತೇ ಹೋದೆ.